ಗೇಮಿಂಗ್ ಪಿಸಿ ಬಿಸಿ: ಎರಡು ಲಕ್ಷದ ಗ್ರಾಫಿಕ್ಸ್ ಕಾರ್ಡ್‌ಗೆ ಟೂತ್‌ಪೇಸ್ಟ್ ಹಚ್ಚುವ ಮೊದಲು ಇದನ್ನು ಓದಿ

“ಕಾರ್ಡ್ 80 ಡಿಗ್ರಿ ದಾಟಿದರೆ ಸುಟ್ಟೇ ಹೋಗುತ್ತೆ, ತಕ್ಷಣ ಆಫ್ ಮಾಡಿ.” “ಕ್ಯಾಬಿನೆಟ್ ಬದಿ ತೆಗೆದು ಟೇಬಲ್ ಫ್ಯಾನ್ ಇಟ್ಟರೆ ಸಾಕು.” “ಥರ್ಮಲ್ ಪೇಸ್ಟ್‌ಗೆ ದುಡ್ಡು ಯಾಕೆ, ಟೂತ್‌ಪೇಸ್ಟ್ ಹಚ್ಚಿ.” “ಜಿಬಿ ಜಾಸ್ತಿ ಇರೋ ಕಾರ್ಡೇ ಒಳ್ಳೇದು.” ಗೇಮಿಂಗ್ ಗ್ರೂಪ್‌ಗಳಲ್ಲಿ, ಕಾಲೇಜು ಹುಡುಗರ ವಾಟ್ಸ್‌ಆ್ಯಪ್‌ನಲ್ಲಿ, ಚಿಕ್ಕ ವಿಡಿಯೋಗಳಲ್ಲಿ ಇಂಥ ಸಲಹೆಗಳು ದಿನವೂ ಓಡಾಡುತ್ತವೆ. ಕೆಲವು ಪೂರ್ತಿ ಸುಳ್ಳು. ಕೆಲವು ಅರ್ಧ ನಿಜ. ಅರ್ಧ ನಿಜ ಇರುವುದೇ ಹೆಚ್ಚು ತೊಂದರೆ ಕೊಡುತ್ತದೆ, ಯಾಕೆಂದರೆ ಅದನ್ನು ನಂಬುವುದು ಸುಲಭ.

ಇದರಲ್ಲಿ ಪಣಕ್ಕಿರುವುದು ಸಣ್ಣ ಮೊತ್ತವಲ್ಲ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5090 ಕಾರ್ಡ್ 2025ರ ಜನವರಿಯಲ್ಲಿ ಬಂದಾಗ ಭಾರತದಲ್ಲಿ ಅದರ ಆರಂಭಿಕ ಬೆಲೆ 2,14,000 ರೂಪಾಯಿ. ಎಷ್ಟೋ ಮನೆಗಳಲ್ಲಿ ಮಗ ಅಥವಾ ಮಗಳು ಕೇಳಿದ್ದನ್ನು ಅಪ್ಪ ಅಮ್ಮ ಸಾಲ ಮಾಡಿ, ಕಂತು ಕಟ್ಟಿ ಕೊಡಿಸುತ್ತಾರೆ. ಹಾಗಾಗಿ ಕಾರ್ಡ್ ಆರಿಸುವಾಗ ಮತ್ತು ಅದನ್ನು ತಂಪಾಗಿ ಇಟ್ಟುಕೊಳ್ಳುವಾಗ ಯಾವ ಮಾತು ನಿಜ, ಯಾವುದು ಅಲ್ಲ ಎಂದು ಒಂದೊಂದಾಗಿ ನೋಡೋಣ.

ಈ ಕಾರ್ಡ್‌ಗಳು ಇಷ್ಟು ಬಿಸಿಯಾಗುವುದು ಯಾಕೆ?

ಗ್ರಾಫಿಕ್ಸ್ ಕಾರ್ಡ್ ಎಳೆದುಕೊಳ್ಳುವ ವಿದ್ಯುತ್ ಕೊನೆಗೆ ಏನಾಗುತ್ತದೆ? ಹೆಚ್ಚುಕಡಿಮೆ ಪೂರ್ತಿಯಾಗಿ ಬಿಸಿಯಾಗುತ್ತದೆ. ಮಿಕ್ಸಿಯಲ್ಲಿ ಸ್ವಲ್ಪ ಶಕ್ತಿ ರುಬ್ಬುವ ಕೆಲಸಕ್ಕೆ ಹೋಗುತ್ತದೆ ಎಂದಾದರೂ ಹೇಳಬಹುದು. ಕಾರ್ಡ್ ಮಾಡುವುದು ಲೆಕ್ಕ. ಲೆಕ್ಕ ಮುಗಿದ ಮೇಲೆ ಉಳಿಯುವುದು ಶಾಖ ಮಾತ್ರ. ಆದ್ದರಿಂದ ಡಬ್ಬದ ಮೇಲೆ 300 ವಾಟ್ ಎಂದಿದ್ದರೆ, ಪೂರ್ತಿ ಕೆಲಸದಲ್ಲಿದ್ದಾಗ ಅದು 300 ವಾಟ್‌ನ ಹೀಟರ್ ಕೂಡ ಹೌದು.

ಈ ಅಂಕಿ ವರ್ಷದಿಂದ ವರ್ಷಕ್ಕೆ ಏರಿದೆ. 2017ರ ಜಿಟಿಎಕ್ಸ್ 1080 ಟಿಐ 250 ವಾಟ್. 2020ರ ಆರ್‌ಟಿಎಕ್ಸ್ 3090 ಕಾರ್ಡ್ 350 ವಾಟ್. 2022ರ 4090 ಕಾರ್ಡ್ 450 ವಾಟ್. 2025ರ 5090 ಕಾರ್ಡ್ 575 ವಾಟ್. ಎಂಟು ವರ್ಷದಲ್ಲಿ ದುಪ್ಪಟ್ಟಿಗಿಂತ ಹೆಚ್ಚು. ಎಎಂಡಿ ಕಂಪನಿಯ ದೊಡ್ಡ ಕಾರ್ಡ್‌ಗಳೂ ಹಿಂದೆ ಬಿದ್ದಿಲ್ಲ: ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ 355 ವಾಟ್, 2025ರ 9070 ಎಕ್ಸ್‌ಟಿ 304 ವಾಟ್.

ಹೋಲಿಕೆಗೆ ಹೇಳುವುದಾದರೆ, ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹದಿಂದ ಹೊರಬರುವ ಶಾಖ ಸುಮಾರು 100 ವಾಟ್. ಕಾರ್ಡ್, ಪ್ರೊಸೆಸರ್ ಎಲ್ಲ ಸೇರಿ 600 ವಾಟ್ ಎಳೆಯುವ ಪಿಸಿ ಎಂದರೆ, ಬಾಗಿಲು ಮುಚ್ಚಿದ ನಿಮ್ಮ ಕೋಣೆಯಲ್ಲಿ ಆರು ಜನ ಹೆಚ್ಚಿಗೆ ಕುಳಿತ ಹಾಗೆ.

ಕೂಲರ್ ಬಿಸಿಯನ್ನು ಕೊಲ್ಲುವುದಿಲ್ಲ, ಆಚೆ ಸಾಗಿಸುತ್ತದೆ

ಬಹಳಷ್ಟು ಗೊಂದಲ ಹುಟ್ಟುವುದು ಇಲ್ಲಿ. “ವಾಟರ್ ಕೂಲಿಂಗ್ ಹಾಕಿಸಿದರೆ ಬಿಸಿಯೇ ಇರಲ್ಲ” ಎನ್ನುವವರಿದ್ದಾರೆ. ನೀರು ಮಾಡುವುದು ಸಾಗಣೆಯ ಕೆಲಸ ಮಾತ್ರ. ಚಿಪ್‌ನ ಮೇಲಿನ ಶಾಖವನ್ನು ಹೊತ್ತು ರೇಡಿಯೇಟರ್‌ಗೆ ತರುತ್ತದೆ, ಅಲ್ಲಿಂದ ಫ್ಯಾನ್ ಅದನ್ನು ಕೋಣೆಯ ಗಾಳಿಗೆ ಬಿಡುತ್ತದೆ. ಫ್ಯಾನ್ ಇರುವ ಮಾಮೂಲಿ ಕೂಲರ್‌ನಲ್ಲೂ ಇದೇ ಆಗುವುದು, ನೀರಿನ ಬದಲು ಹೀಟ್ ಪೈಪ್ ಆ ಕೆಲಸ ಮಾಡುತ್ತದೆ.

ಇದರಿಂದ ಎರಡು ಸಂಗತಿ ಸ್ಪಷ್ಟ. ಒಂದು, ಎಷ್ಟೇ ದುಬಾರಿ ಕೂಲರ್ ಹಾಕಿದರೂ ಕೋಣೆಗೆ ಬೀಳುವ ಶಾಖ ಅಷ್ಟೇ. ಕಾರ್ಡ್ 80 ಡಿಗ್ರಿ ತೋರಿಸಲಿ, 60 ಡಿಗ್ರಿ ತೋರಿಸಲಿ, 400 ವಾಟ್ ಎಳೆಯುತ್ತಿದ್ದರೆ ಕೋಣೆಗೆ ಬರುವುದು 400 ವಾಟೇ. ಎರಡು, ಗಾಳಿ ಅಥವಾ ನೀರಿನ ಕೂಲರ್ ಯಾವುದೂ ಕೋಣೆಯ ತಾಪಮಾನಕ್ಕಿಂತ ಕೆಳಗೆ ಇಳಿಸಲಾರದು. ಕೋಣೆ 25 ಡಿಗ್ರಿ ಇದ್ದಾಗ 65 ತೋರಿಸುವ ಕಾರ್ಡ್, ಅದೇ ಆಟ, ಅದೇ ಫ್ಯಾನ್ ವೇಗದಲ್ಲಿ ಕೋಣೆ 38 ಆದಾಗ ಹತ್ತಿರತ್ತಿರ 78 ತೋರಿಸುತ್ತದೆ. ಹಾಗಾಗಿ ತಂಪು ದೇಶದ ಯೂಟ್ಯೂಬರ್ ತೋರಿಸಿದ ಅಂಕಿಯನ್ನು ಏಪ್ರಿಲ್‌ನ ಕಲಬುರಗಿಯ ಮನೆಯಲ್ಲಿ ನಿರೀಕ್ಷಿಸಬೇಡಿ. ನಿಮ್ಮ ಕಾರ್ಡ್ ಕೆಟ್ಟಿಲ್ಲ. ನಿಮ್ಮ ಊರಿನ ಗಾಳಿ ಬಿಸಿ.

“80 ಡಿಗ್ರಿ ದಾಟಿದರೆ ಸುಡುತ್ತದೆ” ನಿಜವೇ?

ಇಲ್ಲ. ನಮ್ಮ ಮೈಗೆ 80 ಡಿಗ್ರಿ ಸುಡುವ ಬಿಸಿ. ಸಿಲಿಕಾನ್ ಚಿಪ್‌ಗೆ ಅದು ಮಾಮೂಲಿ. ಆರ್‌ಟಿಎಕ್ಸ್ 4090 ಮತ್ತು 5090 ಕಾರ್ಡ್‌ಗಳಿಗೆ ಎನ್‌ವಿಡಿಯಾ ಕೊಟ್ಟಿರುವ ಗರಿಷ್ಠ ತಾಪಮಾನ 90 ಡಿಗ್ರಿ ಸೆಲ್ಸಿಯಸ್, 5080 ಕಾರ್ಡ್‌ಗೆ 88. ದೊಡ್ಡ ಆಟ ಆಡುವಾಗ 65ರಿಂದ 80ರ ನಡುವೆ ಇದ್ದರೆ ಚಿಂತೆ ಬೇಡ.

ಮಿತಿ ಹತ್ತಿರ ಬಂದಾಗಲೂ ಕಾರ್ಡ್ ಸುಮ್ಮನೆ ಸುಟ್ಟುಕೊಳ್ಳುವುದಿಲ್ಲ. ಮೊದಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಆಗ ಆಟ ತಡವರಿಸುತ್ತದೆ. ಇನ್ನೂ ಏರಿದರೆ ಸಿಸ್ಟಮ್ ತಾನಾಗಿ ಆಫ್ ಆಗುತ್ತದೆ. ಅಂದರೆ ಹೆಚ್ಚಿನ ಬಿಸಿಯಿಂದ ನಿಮಗೆ ಮೊದಲು ಆಗುವ ನಷ್ಟ ಬೆಂಕಿಯಲ್ಲ, ವೇಗ. ಎರಡು ಲಕ್ಷ ಕೊಟ್ಟು ಒಂದೂವರೆ ಲಕ್ಷದ ಕಾರ್ಡ್‌ನ ವೇಗ ಪಡೆದ ಹಾಗೆ.

ಆದರೆ ಬಿಸಿಯನ್ನು ಕಡೆಗಣಿಸಬಹುದು ಎಂದು ಇದರ ಅರ್ಥವಲ್ಲ. ಕಾರ್ಡ್‌ನಲ್ಲಿ ಒಂದೇ ಕಡೆ ತಾಪಮಾನ ಇರುವುದಿಲ್ಲ. ಅತಿ ಬಿಸಿಯಾದ ಜಾಗಕ್ಕೆ ಹಾಟ್‌ಸ್ಪಾಟ್ ಎನ್ನುತ್ತಾರೆ. ಎಎಂಡಿ ಕಾರ್ಡ್‌ಗಳಲ್ಲಿ ಇದರ ಮಿತಿ 110 ಡಿಗ್ರಿ. 2022ರ ಕೊನೆಯಲ್ಲಿ ಬಂದ 7900 ಎಕ್ಸ್‌ಟಿಎಕ್ಸ್‌ನ ಕಂಪನಿ ವಿನ್ಯಾಸದ ಕೆಲವು ಕಾರ್ಡ್‌ಗಳು ಈ 110 ಡಿಗ್ರಿ ಮುಟ್ಟಿ ನಿಧಾನವಾಗತೊಡಗಿದವು. ಕೂಲರ್‌ನೊಳಗಿನ ವೇಪರ್ ಚೇಂಬರ್‌ನಲ್ಲಿ ಇರಬೇಕಾದಷ್ಟು ನೀರು ಇರಲಿಲ್ಲ ಎಂಬುದನ್ನು 2023ರ ಜನವರಿಯಲ್ಲಿ ಎಎಂಡಿ ಒಪ್ಪಿಕೊಂಡು ಕಾರ್ಡ್ ಬದಲಿಸಿಕೊಡಲು ಮುಂದಾಯಿತು. ಅಂಕಿಗಳನ್ನು ಗಮನಿಸುತ್ತಿದ್ದ ಗ್ರಾಹಕರಿಂದಲೇ ಈ ದೋಷ ಬೆಳಕಿಗೆ ಬಂತು. ನೀವೂ ವಾರಂಟಿ ಇರುವಾಗಲೇ, ಹೊಸ ಕಾರ್ಡ್ ಹಾಕಿದ ಮೊದಲ ವಾರದಲ್ಲಿ, ಒಂದು ಗಂಟೆ ದೊಡ್ಡ ಆಟ ಆಡಿ ತಾಪಮಾನ ಬರೆದಿಟ್ಟುಕೊಳ್ಳಿ. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು.

“ಜಿಬಿ ಜಾಸ್ತಿ ಇದ್ದರೆ ವೇಗ ಜಾಸ್ತಿ” ಎಂಬ ಮಾತು

ಕಾರ್ಡ್‌ನ ಮೆಮೊರಿ ಅಡುಗೆಮನೆಯ ಕಟ್ಟೆ ಇದ್ದಂತೆ. ಕಟ್ಟೆ ಸಾಲದಿದ್ದರೆ ಕೆಲಸ ಕೆಡುತ್ತದೆ, ನಿಜ. ಆದರೆ ಕಟ್ಟೆ ಎಷ್ಟೇ ಉದ್ದ ಇದ್ದರೂ ಅಡುಗೆ ಮಾಡುವವರ ಕೈ ಓಡದಿದ್ದರೆ ಊಟ ಬೇಗ ಆಗುವುದಿಲ್ಲ. ಜಿಟಿ 730 ಎಂಬ ಹಳೆಯ, ಅಗ್ಗದ ಕಾರ್ಡ್ 4 ಜಿಬಿ ಮೆಮೊರಿಯೊಂದಿಗೂ ಮಾರಾಟವಾಗುತ್ತದೆ. ಅದರಲ್ಲಿ ಇಂದಿನ ದೊಡ್ಡ ಆಟಗಳು ಸರಿಯಾಗಿ ಓಡುವುದಿಲ್ಲ. “4 ಜಿಬಿ ಗ್ರಾಫಿಕ್ಸ್ ಕಾರ್ಡ್” ಎಂದಷ್ಟೇ ಹೇಳಿ ಮಾರುವವರಿಂದ ದೂರ ಇರಿ. ಚಿಪ್‌ನ ಹೆಸರು ಕೇಳಿ.

ಆಯ್ಕೆ ಶುರುವಾಗಬೇಕಾದ್ದು ನಿಮ್ಮ ಮಾನಿಟರ್‌ನಿಂದ. ಸಾಮಾನ್ಯ 1080ಪಿ ಪರದೆಯಲ್ಲಿ ಇರುವುದು ಸುಮಾರು 20.7 ಲಕ್ಷ ಚುಕ್ಕಿಗಳು. 1440ಪಿ ಪರದೆಯಲ್ಲಿ 36.9 ಲಕ್ಷ. 4ಕೆ ಪರದೆಯಲ್ಲಿ 83 ಲಕ್ಷ, ಅಂದರೆ ನಾಲ್ಕು ಪಟ್ಟು. ಪ್ರತಿ ಸೆಕೆಂಡಿಗೆ ಎಷ್ಟೋ ಸಲ ಈ ಚುಕ್ಕಿಗಳಿಗೆಲ್ಲ ಬಣ್ಣ ಲೆಕ್ಕ ಹಾಕುವುದು ಕಾರ್ಡ್‌ನ ಕೆಲಸ. 1080ಪಿ, 60 ಹರ್ಟ್ಜ್ ಮಾನಿಟರ್ ಇಟ್ಟುಕೊಂಡು 5090 ಕೊಂಡರೆ, ತರಕಾರಿ ತರಲು ಲಾರಿ ಕೊಂಡ ಹಾಗೆ. ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ತೋರಿಸಲು ಆ ಪರದೆಗೆ ಸಾಧ್ಯವೇ ಇಲ್ಲ.

ಜಾಹೀರಾತಿನ ಮಾತನ್ನೂ ಒರೆಗೆ ಹಚ್ಚಬೇಕು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರ್‌ನ 5070 ಕಾರ್ಡ್ 4090ರಷ್ಟು ಕೆಲಸ ಮಾಡುತ್ತದೆ ಎಂಬರ್ಥದ ಮಾತು ಹೇಳಿದರು. ಅದೇ ಸಾಲು ಕತ್ತರಿಸಿ ಎಲ್ಲೆಡೆ ಹಂಚಲಾಯಿತು. ಹಿಂದಿದ್ದ ಸಂಗತಿ ಇದು: ಡಿಎಲ್‌ಎಸ್‌ಎಸ್ 4 ಎಂಬ ತಂತ್ರದಲ್ಲಿ, ಕಾರ್ಡ್ ನಿಜವಾಗಿ ಬಿಡಿಸಿದ ಒಂದು ಚಿತ್ರದ ಜತೆ ಮೂರು ಚಿತ್ರಗಳವರೆಗೆ ಎಐ ಊಹಿಸಿ ಸೇರಿಸುತ್ತದೆ. ಪರದೆ ನುಣುಪಾಗಿ ಕಾಣುತ್ತದೆ, ಅಂಕಿ ಏರುತ್ತದೆ. ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಆ ಪ್ರಮಾಣದಲ್ಲಿ ಏರುವುದಿಲ್ಲ. ಆ ತಂತ್ರ ಬೆಂಬಲಿಸದ ಆಟಗಳಲ್ಲಿ ಹೋಲಿಕೆಯೇ ನಿಲ್ಲುವುದಿಲ್ಲ. 4090ರಲ್ಲಿ 24 ಜಿಬಿ ಮೆಮೊರಿ, 5070ರಲ್ಲಿ 12 ಎಂಬುದನ್ನೂ ನೆನಪಿಡಿ.

ಪ್ಲಗ್ ಕರಗಿದ ಕಥೆ: ಇದು ಮಾತ್ರ ಸುಳ್ಳಲ್ಲ

ಗ್ರಾಫಿಕ್ಸ್ ಕಾರ್ಡ್‌ನ ಕರಗಿದ ಪ್ಲಗ್ ಫೋಟೋ ನಿಮ್ಮ ಗ್ರೂಪ್‌ಗೂ ಬಂದಿರಬಹುದು. 2022ರ ಅಕ್ಟೋಬರ್‌ನಲ್ಲಿ 4090 ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಇಂಥ ದೂರುಗಳು ಬಂದವು. ನವೆಂಬರ್‌ನಲ್ಲಿ ಎನ್‌ವಿಡಿಯಾ, ಜಗತ್ತಿನಾದ್ಯಂತ ಸುಮಾರು 50 ಪ್ರಕರಣ ತನ್ನ ಗಮನಕ್ಕೆ ಬಂದಿವೆ, ಪ್ಲಗ್ ಪೂರ್ತಿ ಒಳಗೆ ಕೂರದಿರುವುದು ಸಾಮಾನ್ಯ ಕಾರಣವಾಗಿ ಕಾಣುತ್ತಿದೆ ಎಂದಿತು. ಆಮೇಲೆ ಈ ಪ್ಲಗ್‌ನ ವಿನ್ಯಾಸವನ್ನೂ ತಿದ್ದಲಾಯಿತು. ಪೂರ್ತಿ ಕೂರದಿದ್ದರೆ ಕಾರ್ಡ್ ಕರೆಂಟ್ ಎಳೆಯದಂತೆ ಒಳಗಿನ ಚಿಕ್ಕ ಪಿನ್‌ಗಳನ್ನು ಗಿಡ್ಡ ಮಾಡಿದರು.

ಅಷ್ಟು ಚಿಕ್ಕ ಪ್ಲಗ್ ಕರಗುವುದೇಕೆ? ಲೆಕ್ಕ ಸರಳ. 575 ವಾಟ್ ಅನ್ನು 12 ವೋಲ್ಟ್‌ನಲ್ಲಿ ಕೊಡಬೇಕೆಂದರೆ ಸುಮಾರು 48 ಆಂಪಿಯರ್ ಹರಿಯಬೇಕು. ಇದರ ಬಹುಪಾಲು ಆರು ಸಣ್ಣ ಪಿನ್‌ಗಳಿಗೆ ಹಂಚಿಕೆಯಾಗುತ್ತದೆ, ಒಂದೊಂದಕ್ಕೆ ಎಂಟು ಆಂಪಿಯರ್‌ನ ಆಸುಪಾಸು. ನಿಮ್ಮ ಮನೆಯ 2,000 ವಾಟ್ ಗೀಸರ್‌ನ ದಪ್ಪ ಪ್ಲಗ್‌ನಲ್ಲಿ ಹರಿಯುವುದು ಸುಮಾರು 9 ಆಂಪಿಯರ್. ಹತ್ತಿರತ್ತಿರ ಅಷ್ಟೇ ಕರೆಂಟು ಇಲ್ಲಿ ಬೆಂಕಿಕಡ್ಡಿ ದಪ್ಪದ ಒಂದೊಂದು ಪಿನ್‌ನಲ್ಲಿ ಹೋಗುತ್ತದೆ. ಎರಡು ಪಿನ್ ಸರಿಯಾಗಿ ತಾಗದಿದ್ದರೆ ಉಳಿದ ನಾಲ್ಕರ ಮೇಲೆ ಹೊರೆ ಬೀಳುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಇದನ್ನು ಯಾವ ಕ್ಯಾಬಿನೆಟ್ ಫ್ಯಾನೂ ತಡೆಯಲಾರದು.

ಮಾಡಬೇಕಾದ್ದು ಇಷ್ಟು. ಪ್ಲಗ್ ಅನ್ನು ಸಂದು ಕಾಣದಂತೆ ಪೂರ್ತಿ ಒತ್ತಿ. ಕ್ಯಾಬಿನೆಟ್ ಬಾಗಿಲು ಮುಚ್ಚುವಾಗ ಕೇಬಲ್ ಪ್ಲಗ್‌ನ ಬುಡದಲ್ಲೇ ಮಡಚಿಕೊಳ್ಳದಂತೆ ನೋಡಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿಯ ಜೋಡಣೆ ಬೇರೆ ಇರಬಹುದು, ಒಂದೇ ಕ್ಷಣದಲ್ಲಿ ಕಾರ್ಡ್ ಹಾಳಾಗುತ್ತದೆ.

ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ

ಕಾರ್ಡ್‌ಗೆ ಲಕ್ಷ ಕೊಟ್ಟು ಎಸ್‌ಎಂಪಿಎಸ್‌ಗೆ ಎರಡು ಸಾವಿರ ಕೊಡುವವರಿದ್ದಾರೆ. 5070 ಕಾರ್ಡ್‌ಗೆ 650 ವಾಟ್, 5070 ಟಿಐಗೆ 750, 5080ಕ್ಕೆ 850, 5090ಕ್ಕೆ 1,000 ವಾಟ್ ಎಸ್‌ಎಂಪಿಎಸ್ ಇರಬೇಕು ಎಂಬುದು ಎನ್‌ವಿಡಿಯಾ ಶಿಫಾರಸು. “80 ಪ್ಲಸ್ ಗೋಲ್ಡ್ ಇದೆ, ಅಂದ್ರೆ ಸೂಪರ್ ಕ್ವಾಲಿಟಿ” ಎಂಬುದೂ ಅರ್ಧ ನಿಜ. ಆ ಮುದ್ರೆ ಹೇಳುವುದು ಗೋಡೆಯ ಕರೆಂಟಿನಲ್ಲಿ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನು. ಒಳಗಿನ ಸುರಕ್ಷತಾ ವ್ಯವಸ್ಥೆಯ ಗುಣಮಟ್ಟವನ್ನಲ್ಲ. ವಾರಂಟಿ ಎಷ್ಟು ವರ್ಷ ಎಂದು ಕೇಳುವುದೂ ಒಂದು ಪರೀಕ್ಷೆ.

ಯುಪಿಎಸ್ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸಾಮಾನ್ಯವಾಗಿ ಸುಮಾರು 360 ವಾಟ್. ಆಟದ ನಡುವೆ ಕರೆಂಟ್ ಹೋದರೆ ದೊಡ್ಡ ಪಿಸಿಯ ಹೊರೆ ತಾಳದೆ ಅದೂ ಆ ಕ್ಷಣವೇ ಆಫ್ ಆಗುತ್ತದೆ. ಹಾಗೆಯೇ ಅರ್ತಿಂಗ್ ಇಲ್ಲದ ಸಾಕೆಟ್‌ಗೆ, ಇಸ್ತ್ರಿಪೆಟ್ಟಿಗೆ ಹಾಕಿರುವ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಇಂಥ ಪಿಸಿ ಜೋಡಿಸಬೇಡಿ.

ಮನೆಮದ್ದುಗಳು: ಒಂದೊಂದಾಗಿ

ಕ್ಯಾಬಿನೆಟ್ ಬದಿ ತೆಗೆಯುವುದು: ಹೀಗೆ ಮಾಡಿದಾಗ ಕೆಲವೊಮ್ಮೆ ತಾಪಮಾನ ಇಳಿಯುತ್ತದೆ, ಅದು ನಿಜ. ಆದರೆ ಇದು ಔಷಧವಲ್ಲ, ರೋಗ ಪತ್ತೆಯ ದಾರಿ. ಬಾಗಿಲು ತೆಗೆದಾಗ ಐದು, ಹತ್ತು ಡಿಗ್ರಿ ಇಳಿದರೆ ನಿಮ್ಮ ಕ್ಯಾಬಿನೆಟ್ ಉಸಿರು ಕಟ್ಟಿದೆ ಎಂದರ್ಥ. ಮುಂಭಾಗ ಪೂರ್ತಿ ಗಾಜು ಇರಬಹುದು, ಅಥವಾ ಗಾಳಿ ಒಳಗೆ ತರುವ ಫ್ಯಾನ್ ಇಲ್ಲದಿರಬಹುದು. ಜಾಲರಿ ಇರುವ ಮುಂಭಾಗ, ಅಲ್ಲಿ ಎರಡು ಮೂರು ಫ್ಯಾನ್ ಒಳಮುಖವಾಗಿ, ಹಿಂದೆ ಮತ್ತು ಮೇಲೆ ಒಂದೊಂದು ಹೊರಮುಖವಾಗಿ: ಹೆಚ್ಚಿನವರಿಗೆ ಇಷ್ಟು ಸಾಕು. ಶಾಶ್ವತವಾಗಿ ತೆರೆದಿಟ್ಟರೆ ಧೂಳು, ಜಿರಳೆ, ಹಲ್ಲಿ, ಮಕ್ಕಳ ಬೆರಳು ಎಲ್ಲಕ್ಕೂ ದಾರಿ.

ಟೂತ್‌ಪೇಸ್ಟ್: ಚಿಪ್ ಮತ್ತು ಕೂಲರ್ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುವುದು ಥರ್ಮಲ್ ಪೇಸ್ಟ್‌ನ ಕೆಲಸ. ಟೂತ್‌ಪೇಸ್ಟ್ ಕೂಡ ಸಂದು ತುಂಬುತ್ತದೆ, ಹಾಗಾಗಿ ವಿಡಿಯೋ ಮಾಡಿದ ಹತ್ತು ನಿಮಿಷ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ನೀರಿದೆ. ಬಿಸಿಗೆ ನೀರು ಆರಿ, ಪುಡಿಯಾಗಿ ಉದುರುತ್ತದೆ. ಆಮೇಲೆ ತಾಪಮಾನ ಮೊದಲಿಗಿಂತ ಹೆಚ್ಚು. ವಿಡಿಯೋದಲ್ಲಿ ಆ ಭಾಗ ಇರುವುದಿಲ್ಲ.

ಏರ್ ಕೂಲರ್ ಎದುರಿಗೆ ಇಡುವುದು: ನೀರಿನ ಏರ್ ಕೂಲರ್ ಗಾಳಿಯ ಜತೆ ತೇವವನ್ನೂ, ಕೆಲವೊಮ್ಮೆ ಸಣ್ಣ ಹನಿಗಳನ್ನೂ ಎಸೆಯುತ್ತದೆ. ಕೋಣೆ ತಂಪಾಗಲಿ, ಆದರೆ ಮುಖ ಪಿಸಿಯ ಕಡೆ ಬೇಡ.

ಎಸಿ ಹಾಕಿದರೆ ಒಳಗೆ ನೀರು ಕೂರುತ್ತದೆ: ತಪ್ಪು ತಿಳಿವಳಿಕೆ. ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ ಹನಿ ಕೂರುತ್ತದೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಮೇಲೆ ಕೂತ ಹಾಗೆ. ಓಡುತ್ತಿರುವ ಪಿಸಿ ಕೋಣೆಗಿಂತ ಬಿಸಿ. ಅದರ ಮೇಲೆ ಹನಿ ಕಟ್ಟುವುದಿಲ್ಲ. ಆದರೆ ಪಿಸಿಯನ್ನೇ ಫ್ರಿಜ್ ಒಳಗಿಡುವ ಪ್ರಯೋಗ ಬೇಡವೇ ಬೇಡ. ಮನೆಯ ಫ್ರಿಜ್ ಸತತವಾಗಿ ನೂರಾರು ವಾಟ್ ಶಾಖ ಹೊರಹಾಕಲು ಮಾಡಿದ್ದಲ್ಲ, ಮತ್ತು ಅಲ್ಲಿ ಹನಿ ಕಟ್ಟುವ ಅಪಾಯ ನಿಜ.

ಧೂಳು: ಇದು ನಿಜವಾದ ಶತ್ರು. ಎರಡು ಮೂರು ತಿಂಗಳಿಗೊಮ್ಮೆ, ರಸ್ತೆ ಬದಿಯ ಮನೆಯಾದರೆ ಇನ್ನೂ ಬೇಗ, ಪ್ಲಗ್ ಕಿತ್ತು ಬ್ಲೋಯರ್‌ನಿಂದ ಊದಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಕೆಡಬಹುದು.

ದುಡ್ಡು ಬೇಡದ ಎರಡು ಉಪಾಯ

ಮೊದಲನೆಯದು, ಫ್ರೇಮ್ ಮಿತಿ. 2021ರ ಜುಲೈನಲ್ಲಿ ಅಮೆಜಾನ್‌ನ ‘ನ್ಯೂ ವರ್ಲ್ಡ್’ ಆಟದ ಬೀಟಾ ಪರೀಕ್ಷೆಯ ವೇಳೆ ಕೆಲವು 3090 ಕಾರ್ಡ್‌ಗಳು ಸತ್ತುಹೋದವು. ಆಟದ ಮೆನುವಿನಲ್ಲಿ ಫ್ರೇಮ್‌ಗೆ ಮಿತಿಯೇ ಇರಲಿಲ್ಲ. ಕಾರ್ಡ್ ತಯಾರಕ ಇವಿಜಿಎ ತನ್ನ ಕೆಲವು ಕಾರ್ಡ್‌ಗಳ ಬೆಸುಗೆಯಲ್ಲೇ ದೋಷವಿತ್ತು ಎಂದು ಆಮೇಲೆ ಹೇಳಿತು. ದೋಷ ಕಾರ್ಡ್‌ನದೇ ಆದರೂ, ಬೇಡದ ಹೊರೆ ಅದನ್ನು ಹೊರಗೆಳೆಯಿತು. ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿಯನ್ನು ನಿಮ್ಮ ಮಾನಿಟರ್‌ನ ಹರ್ಟ್ಜ್‌ಗೆ ಸರಿಹೊಂದಿಸಿ.

ಎರಡನೆಯದು, ಪವರ್ ಲಿಮಿಟ್. ಚಿಪ್‌ನ ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕಾಗಿ ಕಾರ್ಡ್ ತುಂಬಾ ವಿದ್ಯುತ್ ಸುರಿಯುತ್ತದೆ. ಮಿತಿಯನ್ನು 100ರಿಂದ 80 ಪ್ರತಿಶತಕ್ಕೆ ಇಳಿಸಿದರೆ ಬಿಸಿ ಐದನೇ ಒಂದು ಭಾಗ ಕಡಿಮೆಯಾಗುತ್ತದೆ, ವೇಗ ಮಾತ್ರ ಅದಕ್ಕಿಂತ ಬಹಳ ಕಡಿಮೆ ಇಳಿಯುತ್ತದೆ. ಫ್ಯಾನ್ ಸದ್ದೂ ತಗ್ಗುತ್ತದೆ. ಇದರಿಂದ ಕಾರ್ಡ್ ಕೆಡುವುದಿಲ್ಲ.

ಕರೆಂಟ್ ಬಿಲ್‌ನಲ್ಲೂ ಇದು ಕಾಣುತ್ತದೆ. 600 ವಾಟ್ ಪಿಸಿ ದಿನಕ್ಕೆ ನಾಲ್ಕು ಗಂಟೆ ಓಡಿದರೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್. ಗೃಹಜ್ಯೋತಿಯ ಮನೆಗಳಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. 140 ಯೂನಿಟ್ ಬಳಸುವ ಮನೆಗೆ ಈ 72 ಸೇರಿದರೆ ಏನಾಗುತ್ತದೆ, ನೀವೇ ಕೂಡಿಸಿ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

“ಮೈನಿಂಗ್‌ಗೆ ಬಳಸಿದ ಕಾರ್ಡ್ ಎಂದರೆ ಸತ್ತ ಕಾರ್ಡ್” ಎಂಬುದು ಸಾರಾಸಗಟಾಗಿ ನಿಜವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ತನ್ನ ವಿಧಾನ ಬದಲಿಸಿದ ಮೇಲೆ ಅಂಥ ಕಾರ್ಡ್‌ಗಳು ಭಾರಿ ಸಂಖ್ಯೆಯಲ್ಲಿ ಮಾರಾಟಕ್ಕೆ ಬಂದವು. ಅವುಗಳಲ್ಲಿ ಚೆನ್ನಾಗಿ ನೋಡಿಕೊಂಡವೂ ಇವೆ, ಫ್ಯಾನ್ ಸವೆದವೂ ಇವೆ. ಹೆಚ್ಚಿನ ಅಪಾಯ ನಕಲಿ ಕಾರ್ಡ್‌ನದು: ಹಳೆಯ ಚಿಪ್‌ಗೆ ಹೊಸ ಹೆಸರು ತೋರಿಸುವಂತೆ ತಂತ್ರಾಂಶ ಬದಲಿಸಿ ಮಾರುತ್ತಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಅನೇಕ ಕಾರ್ಡ್‌ಗಳ ಹೆಸರಿನ ಮುಂದೆ ‘ಫೇಕ್’ ಎಂದೇ ತೋರಿಸುತ್ತದೆ. ದುಡ್ಡು ಕೊಡುವ ಮೊದಲು, ಮಾರುವವರ ಎದುರೇ ಅರ್ಧ ಗಂಟೆ ಆಟ ಓಡಿಸಿ, ತಾಪಮಾನ ನೋಡಿ, ಬಿಲ್ ಕೇಳಿ. ಓಡಿಸಿ ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ.

ಕೊನೆಯಲ್ಲಿ

ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಮಾನಿಟರ್, ಅದಕ್ಕೆ ತಕ್ಕ ಕಾರ್ಡ್, ಕಾರ್ಡ್‌ನ ವಾಟ್‌ಗೆ ತಕ್ಕ ಎಸ್‌ಎಂಪಿಎಸ್, ಅದರ ಬಿಸಿ ಹೊರಹಾಕುವ ಕ್ಯಾಬಿನೆಟ್, ಆ ಬಿಸಿಯನ್ನು ತಾಳುವ ಕೋಣೆ. ಬಹಳ ಜನ ಇದನ್ನು ತಿರುವುಮುರುವು ಮಾಡಿ, ಕಾರ್ಡ್‌ಗೆ ಎಲ್ಲ ದುಡ್ಡು ಸುರಿದು, ಉಳಿದಿದ್ದರಲ್ಲಿ ಮಿಕ್ಕದ್ದನ್ನು ಹೊಂದಿಸುತ್ತಾರೆ.

ಮುಂದಿನ ಸಲ “ಈ ಒಂದು ಟ್ರಿಕ್‌ನಿಂದ 20 ಡಿಗ್ರಿ ಇಳಿಯುತ್ತೆ” ಎಂಬ ಫಾರ್ವರ್ಡ್ ಬಂದರೆ, ಕಳಿಸಿದವರಿಗೆ ಎರಡೇ ಪ್ರಶ್ನೆ ಕೇಳಿ: ಕೋಣೆಯ ತಾಪಮಾನ ಎಷ್ಟಿತ್ತು? ಒಂದು ತಿಂಗಳಾದ ಮೇಲೆ ಅಳೆದಿದ್ದೀರಾ? ಉತ್ತರ ಇಲ್ಲದಿದ್ದರೆ ಆ ಮೆಸೇಜ್ ನಿಮ್ಮ ಫೋನ್‌ನಲ್ಲೇ ನಿಲ್ಲಲಿ.